ಕಪ್ಪತಗುಡ್ಡವೂ ಕಾಯದೆಯೂ



ಭಂಕೂರಿನವನಾದ ನಾನು ಗದಗ ಸೀಮೆಯ ಗುಡ್ಡವೊಂದರ ಇತಿಹಾಸವನ್ನು ಬರೆಯಹೊರಟಿರುವದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಭಕ್ತರಿಗೆ ಗುಡ್ಡಕ್ಕಿಂತ ಖಣಿಯೇ ಹೆಚ್ಚು ಪರಿಚಿತ. ನಮ್ಮ ನೆಲ ಸುಣ್ಣಕಲ್ಲಿನ ನೆಲ. ಪದರು ಪದರಾಗಿ ಏಳುವ ಪರಸಿ ಕಲ್ಲು ನಮ್ಮ ಮನೆಗಳ ನೆಲಕ್ಕೂ ಗೋಡೆಗೂ ಆಗಿ, ಮಿಕ್ಕದ್ದು ಶಹಾಬಾದಿನ ಹೆಸರು ಹೊತ್ತುಕೊಂಡು ರೈಲು ಏರಿ ದೇಶವೆಲ್ಲ ಸುತ್ತಿತು. ಅದೇ ಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರಖಾನೆ ನಿಜಾಮರ ಕಾಲದಲ್ಲಿಯೇ ಶಹಾಬಾದಕ್ಕೆ ಬಂದಿತು. 1968ರಲ್ಲಿ ವಾಡಿಯಲ್ಲಿ, ಮುಂದೆ ಮಳಖೇಡ, ಸೇಡಂಗಳಲ್ಲಿ ಒಂದೊಂದಾಗಿ ಚಿಮಣಿಗಳು ಎದ್ದವು. ಒಂದು ಟನ್ ಸಿಮೆಂಟಿನ ಗಟ್ಟಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕೆಂದು ಲೆಕ್ಕ ಹಾಕಿದರೆ, ಈ ಊರುಗಳ ನೆಲದೊಳಗಿಂದ ಎಷ್ಟು ಹೊರಗೆ ಹೋಗಿದೆಯೆಂಬದನ್ನು ನೀವೇ ಊಹಿಸಬಹುದು. ಆ ಕಲ್ಲಿನ ಕೂಲಿಯಿಂದಲೇ ಅನೇಕ ಮನೆಗಳಲ್ಲಿ ಒಲೆ ಹೊತ್ತಿದೆ, ಮಕ್ಕಳು ಶಾಲೆ ಕಲಿತಿದ್ದಾರೆ. ಆದ್ದರಿಂದ ಉದ್ದಿಮೆಯೇ ಪಾಪವೆಂದು ಹೇಳುವ ಅಧಿಕಾರ ನನಗಿಲ್ಲ. ಹೇಳುವ ಮನಸ್ಸೂ ಇಲ್ಲ.

ಈ ಲೇಖನಕ್ಕೆ ಕಾರಣವಾದದ್ದು ಬೇರೊಂದು ಪ್ರಸಂಗ. ಹಲವು ವರುಷಗಳ ಹಿಂದೆ ನಮ್ಮ ಭಾಗದ ಗಣಿಯೊಂದರ ವಿಸ್ತರಣೆಗಾಗಿ ಕರೆದ ಸಾರ್ವಜನಿಕ ಅಹವಾಲು ಸಭೆಗೆ ನಾನು ಹೋಗಿದ್ದೆನು. ಶಾಮಿಯಾನ, ಕುರ್ಚಿ, ನೀರಿನ ಬಾಟಲಿ ಎಲ್ಲವೂ ಒಪ್ಪವಾಗಿದ್ದವು. ಮೇಜಿನ ಮೇಲೆ ಮೊಳದುದ್ದದ ಪರಿಸರ ವರದಿ ಇದ್ದಿತು, ಅದೆಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿದ್ದದ್ದು ಅದರ ಸಾರಾಂಶವೆಂಬ ಹತ್ತಾರು ಹಾಳೆ ಮಾತ್ರ. ತೊಗರಿ ಬೆಳೆಯುವ ಒಬ್ಬ ಹಿರಿಯರು ಎದ್ದು ನಿಂತು, "ನಮ್ಮ ಬಾವಿ ವಿಷಯ ಇದರಾಗ ಎಲ್ಲಿ ಬರದದರಿ?" ಎಂದು ಕೇಳಿದರು. ಉತ್ತರ ಕೊಡಬೇಕಾದವರು ಪುಟ ತಿರುವಿದರು, ಮತ್ತೆ ತಿರುವಿದರು. ಸಭೆ ಮುಗಿಯಿತು. ಆ ಹಿರಿಯರ ಪ್ರಶ್ನೆ ಮಾತ್ರ ನನ್ನೊಳಗೆ ಮುಗಿಯಲಿಲ್ಲ. ನೆಲದ ಬಗ್ಗೆ ಕಾಯದೆ ಬರೆಯುವವರು ಆ ನೆಲದ ಮೇಲಿರುವವರನ್ನು ಕೇಳಬೇಕೆ, ಬೇಡವೆ? ಕೇಳಬೇಕೆಂದಾದರೆ ಯಾವ ಭಾಷೆಯಲ್ಲಿ? ಈ ಪ್ರಶ್ನೆಗೆ ನಮ್ಮ ನಾಡಿನ ಇತ್ತೀಚಿನ ಚರಿತ್ರೆಯಲ್ಲಿ ಕಪ್ಪತಗುಡ್ಡದಷ್ಟು ಸ್ಪಷ್ಟವಾಗಿ ಉತ್ತರ ಹೇಳುವ ಸ್ಥಳ ಇನ್ನೊಂದಿಲ್ಲ. ಮೇಲಾಗಿ ಆ ಉತ್ತರವನ್ನು ನುಡಿಸಿದವರಲ್ಲಿ ನಮ್ಮ ಪರಂಪರೆಯದೇ ಆದ ಒಂದು ಮಠವಿದ್ದಿತು.

ಗದಗಿನ ಬಳಿಯ ಬಿಂಕದಕಟ್ಟಿಯಿಂದ ಆರಂಭವಾಗಿ ಮುಂಡರಗಿ ತಾಲೂಕಿನ ಸಿಂಗಟಾಲೂರಿನ ಹತ್ತಿರ ತುಂಗಭದ್ರೆಯವರೆಗೆ ಚಾಚಿಕೊಂಡಿರುವ ಗುಡ್ಡಗಳ ಸಾಲಿಗೆ ಕಪ್ಪತಗುಡ್ಡವೆಂದು ಹೆಸರು. ಎಪ್ಪತ್ತು ಗಿರಿಗಳನ್ನು ಕಾಣುವದಕ್ಕಿಂತ ಒಂದು ಕಪ್ಪತಗಿರಿಯನ್ನು ಕಾಣುವದು ಮೇಲೆಂದು ಆ ಭಾಗದ ಜನರ ಮಾತು. ಮಳೆ ಕಡಿಮೆಯಾದ ಬಯಲುಸೀಮೆಯ ನಡುವೆ ಇದೊಂದೇ ಹಸಿರು. ಹಲವು ನೂರು ಬಗೆಯ ಔಷಧಿ ಗಿಡಮೂಲಿಕೆಗಳು ಇಲ್ಲಿ ಬೆಳೆಯುತ್ತವೆ. ನಾಟಿವೈದ್ಯರು ದೂರದೂರದಿಂದ ಬಂದು ಬೇರು ತೊಗಟೆಗಳನ್ನು ಒಯ್ಯುತ್ತಾರೆ. ತೋಳ, ಕತ್ತೆಕಿರುಬ, ಚಿರತೆ, ನವಿಲುಗಳಿಗೆ ಇದು ಮನೆ. ಗುಡ್ಡದ ಮೇಲೆ ಕಪ್ಪತ ಮಲ್ಲೇಶ್ವರನ ಗುಡಿ. ಬುಡದಲ್ಲಿ ಡಂಬಳ. ಈ ಡಂಬಳವನ್ನು ಹಳೆಯ ಶಾಸನಗಳು ಧರ್ಮವೊಳಲೆಂದು ಕರೆದಿವೆ. ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡಬಸಪ್ಪನ ಗುಡಿ ಇಲ್ಲಿದೆ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ತಿರುಗುವ ಅದರ ತಳವಿನ್ಯಾಸವನ್ನು ಕಂಡವರು ಮರೆಯಲಾರರು. ಕ್ರಿ.ಶ. 1095ರ ಶಾಸನವೊಂದು ಇಲ್ಲಿ ಬೌದ್ಧರ ತಾರಾದೇವಿಯ ಆರಾಧನೆ ನಡೆಯುತ್ತಿದ್ದುದನ್ನು ಹೇಳುತ್ತದೆ. ಎಡೆಯೂರು ಸಿದ್ಧಲಿಂಗೇಶ್ವರರ ಪರಂಪರೆಯ ತೋಂಟದಾರ್ಯ ಮಠದ ಪೀಠವೂ ಡಂಬಳದಲ್ಲಿಯೇ. ಗದಗ ಎರಡನೆಯ ನೆಲೆ. ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಗೈದುದರಿಂದ ತೋಂಟದ ಎಂಬ ವಿಶೇಷಣ ಬಂದಿತೆಂಬದನ್ನು ನೀವು ಬಲ್ಲಿರಿ. ತೋಟದ ಹೆಸರು ಹೊತ್ತ ಮಠವೊಂದು ಕಾಡಿನ ಬುಡದಲ್ಲಿ ನೆಲೆಗೊಂಡಿದ್ದು ಕಾಕತಾಳೀಯವಿರಬಹುದು. ನನಗಂತೂ ಹಾಗೆನಿಸುವದಿಲ್ಲ.

ಈ ಗುಡ್ಡದ ಜನರಿಗೆ ಸರಕಾರದ ಕಾಯದೆಯೊಡನೆ ಜಗಳ ಹೊಸದಲ್ಲ. 1857ರ ದಂಗೆಯ ಹೊತ್ತಿನಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯದೆ ಬಂದಾಗ ಹಲಗಲಿಯ ಬೇಡರು ಎದ್ದರು. ಮರುವರುಷ ಮುಂಡರಗಿ ಭೀಮರಾಯನು ಡಂಬಳದ ಖಜಾನೆಯನ್ನು ಹಿಡಿದು, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದನು. ಆಗಿನದು ಕತ್ತಿಯ ಕಾಲ. ಆ ಕಥೆಯನ್ನು ಇಲ್ಲಿ ಬೆಳೆಸುವದಿಲ್ಲ.

ಗುಡ್ಡದೊಳಗೆ ಏನಿದೆಯೆಂಬದರ ಕಡೆಗೆ ಪರಕೀಯರ ಕಣ್ಣು ಬಿದ್ದದ್ದು ಅದಾದ ಸ್ವಲ್ಪ ಕಾಲಕ್ಕೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ಡಂಬಳ ಗುಡ್ಡಗಳ ಬಂಗಾರದ ಶಿಲೆಗಳನ್ನು ಕುರಿತು 1874ರಲ್ಲಿಯೇ ವರದಿ ಬರೆದನು. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿ ಆಂಗ್ಲ ಕಂಪನಿಗಳು ಕಬುಲಾಯತಕಟ್ಟಿಯ ಸುತ್ತಮುತ್ತ ಸುರಂಗಗಳನ್ನು ತೋಡಿದವು. ಬಂದ ಬಂಗಾರ ಖರ್ಚಿಗೆ ಸಾಲದೆ ಬಿಟ್ಟುಹೋದವು. ಹೀಗೆ ಗುಡ್ಡ ಒಮ್ಮೆ ಉಳಿಯಿತು. ಉಳಿಸಿದ್ದು ಕಾಯದೆಯಲ್ಲ, ಧರ್ಮವೂ ಅಲ್ಲ, ಲಾಭವಿಲ್ಲವೆಂಬ ಲೆಕ್ಕ. ಲೆಕ್ಕ ಬದಲಾದರೆ ಏನಾದೀತೆಂಬದೇ ಮುಂದಿನ ಪ್ರಶ್ನೆ. ಬಂಗಾರದ ಬೆಲೆ ಏರಿತು, ಒಂದು ಟನ್ ಅದುರಿನಲ್ಲಿರುವ ಕೆಲವೇ ಗ್ರಾಮು ಬಂಗಾರವನ್ನು ಸೈನೈಡಿನಿಂದ ತೊಳೆದು ತೆಗೆಯುವ ವಿದ್ಯೆ ಬೆಳೆಯಿತು. 2001ರಲ್ಲಿ ಬಾಗಿಲು ಮುಚ್ಚಿದ ಕೋಲಾರದ ಗಣಿಗಳ ಪಕ್ಕದಲ್ಲಿ ಸೈನೈಡ ಮಣ್ಣಿನ ದಿಬ್ಬಗಳು ಇಂದಿಗೂ ನಿಂತಿವೆ. ಅಲ್ಲಿಗೆ ಹೋದವರು ನೋಡಿರಬಹುದು.

ಈಗ ಕಾಯದೆಯ ಮಾತಿಗೆ ಬರೋಣ. ಸರಕಾರವು ಉದ್ದಿಮೆಯ ಹೆಸರಿನಲ್ಲಿ ಹಳ್ಳಿಗರ ನೆಲದ ರಕ್ಷಣೆಯನ್ನು ಸಡಿಲಿಸಿದಾಗ ಕನ್ನಡಿಗರು ಎದುರುನಿಂತ ಮೊದಲ ದೊಡ್ಡ ಪ್ರಸಂಗ ಕಪ್ಪತಗುಡ್ಡದ್ದಲ್ಲ. ಗದಗ ಇನ್ನೂ ಧಾರವಾಡ ಜಿಲ್ಲೆಯ ತಾಲೂಕಾಗಿದ್ದ ಕಾಲದ್ದು. 1984ರ ನವೆಂಬರಿನಲ್ಲಿ ರಾಜ್ಯ ಸರಕಾರವು ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಸಿ ಮತ್ತು ಡಿ ದರ್ಜೆಯ ಜಮೀನುಗಳನ್ನು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಹೊಸ ಕಂಪನಿಗೆ ಒಪ್ಪಿಸಿತು. ಅದರಲ್ಲಿ ಸರಕಾರದ ಪಾಲು 51, ಹರಿಹರ ಪಾಲಿಫೈಬರ್ಸ್ ಕಾರಖಾನೆಯ ಪಾಲು 49. ನೀಲಗಿರಿ ಬೆಳೆದು ರೇಯಾನ್ ತಿರುಳಿಗೆ ಕೊಡುವದು ಉದ್ದೇಶ. ಕಾಗದದಲ್ಲಿ ಅವು ಪಡ ಜಮೀನುಗಳು. ಹಳ್ಳಿಗರಿಗೆ ಮಾತ್ರ ದನ ಮೇಯುವ, ಸೌದೆ ಆಯುವ, ಹುಲ್ಲು ಕೊಯ್ಯುವ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಶ್ರೀ ಎಸ್. ಆರ್. ಹಿರೇಮಠ ಅವರು, ಡಾ. ಶಿವರಾಮ ಕಾರಂತರನ್ನು ಮುಂದೆ ಮಾಡಿಕೊಂಡು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ದೊರಕಿತು. ಅದೇ ವರುಷ ನವೆಂಬರ 14ರಂದು ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ಜನರು ಸಾಂಕೇತಿಕವಾಗಿ ಕೆಲವು ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿಯೇ ತಮಗೆ ಬೇಕಾದ ಗಿಡಗಳನ್ನು ನೆಟ್ಟು, ಸೆರೆಗೆ ಸಿದ್ಧರಾಗಿ ನಿಂತರು. ಹೆಸರನ್ನು ಗಮನಿಸಿರಿ: ಕಿತ್ತಿಕೋ ಎಂಬಲ್ಲಿಗೆ ಅದು ನಿಲ್ಲಲಿಲ್ಲ. ತೊಂಬತ್ತರ ದಶಕ ಆರಂಭವಾಗುವ ಹೊತ್ತಿಗೆ ಆ ಕಂಪನಿ ಮುಚ್ಚಿಕೊಂಡು ಹೋಯಿತು.

ಕಪ್ಪತಗುಡ್ಡದ ಬುಡಕ್ಕೆ ಬಂಡವಾಳದ ದೊಡ್ಡ ಅಲೆ ಬಡಿದದ್ದು 2010ರ ನಂತರ. ಆ ಜೂನಿನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶವಾಯಿತು. ದಕ್ಷಿಣ ಕೊರಿಯದ ಪೋಸ್ಕೋ ಕಂಪನಿಯು ಉಕ್ಕಿನ ಕಾರಖಾನೆ ಕಟ್ಟಲೆಂದು ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆ ಎರೆಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಸಿದ್ಧತೆ ನಡೆಯಿತು. ರೈತರು ಮಠಕ್ಕೆ ಬಂದರು. ತೋಂಟದಾರ್ಯ ಮಠದ ಜಗದ್ಗುರು ಸಿದ್ಧಲಿಂಗ ಸ್ವಾಮಿಗಳವರು ರೈತರ ಪಕ್ಷ ವಹಿಸಿದರು. ಅವರು 1974ರಲ್ಲಿ ಪೀಠವೇರಿದಂದಿನಿಂದ ವಾರವಾರವೂ ತಪ್ಪದೆ ಶಿವಾನುಭವ ನಡೆಸಿದವರು. ಪುಸ್ತಕ ಪ್ರಕಟನೆಯಿಂದಾಗಿ ಪುಸ್ತಕದ ಸ್ವಾಮಿಗಳೆಂದೇ ಜನಜನಿತರಾದವರು. ಗೋಕಾಕ ಚಳುವಳಿಯಲ್ಲಿ ಕನ್ನಡದ ಪರವಾಗಿ ದನಿಯೆತ್ತಿದವರು. ರಾಜ್ಯದ ಮುಖ್ಯಮಂತ್ರಿಗಳು ಮಠಗಳಿಗೆ ಹತ್ತಿರದವರಾಗಿದ್ದ ಕಾಲವದು. ಆದರೂ ಶ್ರೀಗಳವರು ಹಿಂಜರಿಯಲಿಲ್ಲ. 2011ರ ಜುಲೈಯಲ್ಲಿ ಮುಖ್ಯಮಂತ್ರಿ ಶ್ರೀ ಬಿ. ಎಸ್. ಯಡಿಯೂರಪ್ಪನವರು ಆ ಭೂಸ್ವಾಧೀನವನ್ನು ಕೈಬಿಡುವದಾಗಿ ಸಾರಿದರು. ಅದೇ ತಿಂಗಳು ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಲೋಕಾಯುಕ್ತ ವರದಿ ಹೊರಬಂದದ್ದೂ, ಬಳ್ಳಾರಿ ಜಿಲ್ಲೆಯ ಅದುರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿದ್ದೂ ನಿಮಗೆ ನೆನಪಿರಬಹುದು.

ಬಳ್ಳಾರಿಯಲ್ಲಿ ಬಾಗಿಲು ಮುಚ್ಚಿದ ಮೇಲೆ ಗಣಿಯವರ ದೃಷ್ಟಿ ನೆರೆಯ ಗುಡ್ಡಗಳ ಮೇಲೆ ತಿರುಗುವದು ಸಹಜವೇ. ಕಪ್ಪತಗುಡ್ಡಕ್ಕೆ ಗಟ್ಟಿಯಾದ ರಕ್ಷಣೆ ಬೇಕೆಂಬ ಕೂಗು ಬಲವಾಯಿತು. 2015ರ ಡಿಸೆಂಬರಿನಲ್ಲಿ ರಾಜ್ಯ ಸರಕಾರವು ಅಲ್ಲಿನ 17,872 ಹೆಕ್ಟೇರು ಅರಣ್ಯವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ಜನರು ಸಂತೋಷಪಟ್ಟರು. ಆ ಸಂತೋಷ ಒಂದು ವರುಷವೂ ಬಾಳಲಿಲ್ಲ. 2016ರ ನವೆಂಬರಿನಲ್ಲಿ ಅದೇ ಸರಕಾರವು ಅದೇ ಘೋಷಣೆಯನ್ನು ಹಿಂತೆಗೆದುಕೊಂಡಿತು.

ಇಲ್ಲಿ ವಾಚಕರು ಸ್ವಲ್ಪ ತಾಳ್ಮೆಯಿಂದ ಕಾಯದೆಯ ಒಳಗನ್ನು ನೋಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಗೆ 2002ರಲ್ಲಿ ತಿದ್ದುಪಡಿಯಾಗಿ 36ಎ ಎಂಬ ಕಲಮು ಸೇರಿತು. ಸರಕಾರದ ಒಡೆತನದ ಜಮೀನನ್ನು, ಸ್ಥಳೀಯ ಜನರೊಡನೆ ಸಮಾಲೋಚಿಸಿ, ಸಂರಕ್ಷಿತ ಮೀಸಲು ಪ್ರದೇಶವೆಂದು ರಾಜ್ಯ ಸರಕಾರವು ಘೋಷಿಸಬಹುದೆಂದು ಆ ಕಲಮು ಹೇಳುತ್ತದೆ. ಸ್ಥಳೀಯರನ್ನು ಕೇಳಬೇಕೆಂಬ ಈ ಮಾತು ಎಷ್ಟು ಸುಂದರವಾದುದು! ಆದರೆ ಘೋಷಣೆಯನ್ನು ಹಿಂತೆಗೆದುಕೊಂಡಾಗ ಅದೇ ಮಾತನ್ನು ಸರಕಾರವು ಆಯುಧವನ್ನಾಗಿ ಬಳಸಿತು. ಘೋಷಿಸುವಾಗ ಸ್ಥಳೀಯರನ್ನು ಸರಿಯಾಗಿ ಕೇಳಿರಲಿಲ್ಲ, ಆದಕಾರಣ ಘೋಷಣೆ ರದ್ದು ಎಂಬದೇ ವಾದ. ಜನರನ್ನು ಕೇಳದಿದ್ದುದೇ ತಪ್ಪಾದರೆ, ಕೇಳುವದು ತಾನೇ ಅದಕ್ಕೆ ಪರಿಹಾರ? ಕೇಳದೆ ಕೊಟ್ಟುದನ್ನು ಕೇಳದೆಯೇ ಕಿತ್ತುಕೊಂಡರೆ ತಪ್ಪು ಒಂದಿದ್ದದ್ದು ಎರಡಾಗುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ವನ್ಯಜೀವಿ ಧಾಮವೆಂದು ಘೋಷಿಸಿದ ಪ್ರದೇಶದ ಗಡಿಯನ್ನು ಬದಲಿಸಬೇಕಾದರೆ 26ಎ ಕಲಮಿನಂತೆ ರಾಷ್ಟ್ರೀಯ ವನ್ಯಜೀವಿ ಮಂಡಲಿಯ ಶಿಫಾರಸು ಬೇಕು. ಸಂರಕ್ಷಿತ ಮೀಸಲು ಪ್ರದೇಶಕ್ಕೆ ಅಂಥ ಬೀಗವನ್ನು ಕಾಯದೆ ಇಟ್ಟಿಲ್ಲ. ರಾಜ್ಯ ಸರಕಾರದ ಒಂದು ಹಾಳೆ ಕಟ್ಟಿದ್ದನ್ನು ಇನ್ನೊಂದು ಹಾಳೆ ಕೆಡವಬಲ್ಲದು. ನಾವು ಸಾಮಾನ್ಯವಾಗಿ ಕಾಯದೆ ದುರ್ಬಲವಾಗುವದೆಂದರೆ ವಿಧಾನಸೌಧದಲ್ಲಿ ಚರ್ಚೆಯಾಗಿ, ಕೈಯೆತ್ತಿ, ಮತ ಎಣಿಸಿ ಆಗುವ ಕೆಲಸವೆಂದು ಭಾವಿಸುತ್ತೇವೆ. ಹೆಚ್ಚಿನ ಸಲ ಹಾಗಾಗುವದಿಲ್ಲ. ರಾಜ್ಯಪತ್ರದ ಮೂಲೆಯಲ್ಲಿ ನಾಲ್ಕು ಸಾಲು ಅಚ್ಚಾಗುತ್ತವೆ. ಊರಿಗೆ ಗೊತ್ತಾಗುವದು ಯಂತ್ರ ಬಂದು ನಿಂತ ಮೇಲೆ.

ಕಪ್ಪತಗುಡ್ಡದ ವಿಷಯದಲ್ಲಿ ಹಾಗಾಗಗೊಡದೆ ಇದ್ದವರು ಗದಗಿನ ಜನರು. ಸರಕಾರದ ಆಜ್ಞೆಯ ಸುದ್ದಿ ತಿಳಿದೊಡನೆ ಹಳ್ಳಿ ಹಳ್ಳಿಗಳಲ್ಲಿ ಸಭೆಗಳಾದವು. ಗುಡ್ಡದ ಮಡಿಲಿನಲ್ಲಿರುವ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು ಮೊದಲಿನಿಂದಲೂ ಗಿಡಮೂಲಿಕೆಗಳ ಪರವಾಗಿ ದುಡಿದವರು, ಅವರು ಮುಂದಾದರು. ಕುಸನೂರಿನಲ್ಲಿ ಸಸಿ ನೆಟ್ಟ ಎಸ್. ಆರ್. ಹಿರೇಮಠ ಅವರು ಮೂವತ್ತು ವರುಷಗಳ ತರುವಾಯ ಇಲ್ಲಿಯೂ ಬಂದು ನಿಂತರು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಶ್ರೀಗಳವರ ನೇತೃತ್ವದಲ್ಲಿ ಗದಗ ನಗರದಲ್ಲಿ ಹಗಲಿರುಳು ಧರಣಿ ಆರಂಭವಾಯಿತು. ಬೇರೆ ಬೇರೆ ಮಠಗಳ ಸ್ವಾಮಿಗಳು, ರೈತರು, ಸಾಹಿತಿಗಳು, ವಿದ್ಯಾರ್ಥಿಗಳು ಒಂದೇ ಚಪ್ಪರದಡಿ ಕುಳಿತರು. ಸರಕಾರವು ಸ್ಥಳೀಯರ ಅಭಿಪ್ರಾಯವೆಂದು ಹೇಳಿದ್ದಿತಲ್ಲವೆ? ಅದು ಬೀದಿಯಲ್ಲಿಯೇ ಕುಳಿತಿತ್ತು. ಜಿಲ್ಲೆಯ ಉಸ್ತುವಾರಿ ಮಂತ್ರಿ ಶ್ರೀ ಎಚ್. ಕೆ. ಪಾಟೀಲರೂ ಗದಗಿನವರೇ, ಆ ಅಭಿಪ್ರಾಯ ಅವರ ಕಿವಿಗೆ ಬೀಳದಿರಲು ಸಾಧ್ಯವಿರಲಿಲ್ಲ. 2017ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಶ್ರೀ ಸಿದ್ಧರಾಮಯ್ಯನವರ ಸರಕಾರವು ಕಪ್ಪತಗುಡ್ಡಕ್ಕೆ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನವನ್ನು ಮರಳಿ ಕೊಟ್ಟಿತು. ಕೊಟ್ಟ ಸರಕಾರವೇ ಕಿತ್ತುಕೊಂಡು, ಕಿತ್ತುಕೊಂಡ ಸರಕಾರವೇ ಮರಳಿ ಕೊಟ್ಟದ್ದನ್ನು ಸೋಲೆಂದು ಯಾರೂ ಹಂಗಿಸಬೇಕಾಗಿಲ್ಲ. ಪ್ರಜೆಗಳ ಮಾತಿಗೆ ತಿರುಗಿ ನೋಡುವದು ಸರಕಾರಕ್ಕೆ ಭೂಷಣವೇ.

ಮಠಗಳು ಇಂಥ ಜಗಳಗಳಿಗೆ ಇಳಿಯಬೇಕೆ ಎಂದು ಕೇಳುವ ಭಕ್ತರಿದ್ದಾರೆ. ಪೂಜೆ, ದಾಸೋಹ, ಶಿಕ್ಷಣ ಇವಿಷ್ಟೇ ಮಠದ ಕೆಲಸವೆಂದು ಅವರ ಭಾವನೆ. ಅವರಲ್ಲಿ ನನ್ನದೊಂದು ವಿನಂತಿ. ದಾಸೋಹದ ಜೋಳ ಎಲ್ಲಿಂದ ಬರುತ್ತದೆ? ಹಳ್ಳಿಗುಡಿಯ ಎರೆಭೂಮಿ ಹೋಗಿದ್ದರೆ ಆ ಊರಿನವರು ಮಠಕ್ಕೆ ಕಾಳು ತರುವ ಬದಲು ಮಠದ ಪಂಕ್ತಿಯಲ್ಲಿ ಬಂದು ಕೂಡಬೇಕಾಗುತ್ತಿತ್ತು. ಹಾಗೆಂದು ಎಲ್ಲ ಮಠಗಳೂ ಎಲ್ಲ ಕಾಲಕ್ಕೂ ಹೀಗೆ ನಡೆದುಕೊಂಡಿವೆಯೆಂದು ಹೇಳಿದರೆ ಅದು ಸತ್ಯವಾಗಲಾರದು. ಕಾರಖಾನೆಯವರಿಂದ ಕಾಣಿಕೆ ಪಡೆದು ಮೌನ ತಾಳಿದ ಸಂದರ್ಭಗಳೂ ನಾಡಿನಲ್ಲಿವೆ. ಅವನ್ನು ಬರೆಯುವ ಲೇಖನ ಬೇರೆ.

2018ರ ಅಕ್ಟೋಬರ 20ರಂದು ತೋಂಟದ ಸಿದ್ಧಲಿಂಗ ಸ್ವಾಮಿಗಳವರು ಲಿಂಗೈಕ್ಯರಾದರು. ಕಪ್ಪತಗುಡ್ಡವನ್ನು ವನ್ಯಜೀವಿ ಧಾಮವೆಂದು ಸಾರಿದ ಆಜ್ಞೆ ಹೊರಬಿದ್ದದ್ದು 2019ರ ಮೇ ತಿಂಗಳಲ್ಲಿ, ಅವರು ಹೋದ ಏಳು ತಿಂಗಳ ಮೇಲೆ. ಧಾಮದ ವಿಸ್ತೀರ್ಣ 244.15 ಚದರ ಕಿಲೋಮೀಟರು. ಮೊದಲಿನ ಮೀಸಲು ಪ್ರದೇಶಕ್ಕಿಂತ ದೊಡ್ಡದು. ಒಂದು ಹಾಳೆಯಿಂದ ಅಳಿಸಲಾಗದ ಬೀಗ ಹೀಗೆ ಬಿದ್ದಿತು. ಶ್ರೀಗಳವರು ಅದನ್ನು ಕಾಣಲಿಲ್ಲ.

ಭಾಷೆಯ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ದೊರೆತದ್ದು ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ. 1984ರ ಭೋಪಾಲದ ದುರಂತದ ಫಲವಾಗಿ 1986ರಲ್ಲಿ ಪರಿಸರ ಸಂರಕ್ಷಣಾ ಕಾಯದೆ ಬಂದಿತು. ಅದರಡಿಯಲ್ಲಿ ಹೊರಡಿಸಿದ 1994ರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಂದಾಜು ಕಡ್ಡಾಯವಾಯಿತು. 1997ರಲ್ಲಿ ಸಾರ್ವಜನಿಕ ಅಹವಾಲು ಸೇರಿತು. 2006ರಲ್ಲಿ ಎಲ್ಲವನ್ನೂ ಹೊಸದಾಗಿ ಬರೆದರು. ನಾನು ಕುಳಿತ ಶಾಮಿಯಾನವೂ, ಸಾರಾಂಶ ಮಾತ್ರ ಕನ್ನಡದಲ್ಲಿದ್ದರೆ ಸಾಕೆಂಬ ನಿಯಮವೂ ಇದೇ 2006ರ ಕೃಪೆ. 2020ರ ಮಾರ್ಚಿ 23ರ ತಾರೀಖಿನ ಹೊಸ ಕರಡೊಂದನ್ನು ಕೇಂದ್ರ ಸರಕಾರವು ಏಪ್ರಿಲ 11ರ ರಾಜ್ಯಪತ್ರದಲ್ಲಿ ಪ್ರಕಟಿಸಿತು. ಆಗ ದೇಶವೆಲ್ಲ ಮಹಾಮಾರಿಯ ಭಯದಿಂದ ಬಾಗಿಲು ಹಾಕಿಕೊಂಡಿತ್ತು. ಅಹವಾಲು ಸಭೆಯ ಮುನ್ಸೂಚನೆಯ ಅವಧಿ ಮೂವತ್ತು ದಿನಗಳಿಂದ ಇಪ್ಪತ್ತಕ್ಕೆ ಇಳಿಯಬೇಕೆಂದೂ, ಅನುಮತಿಯಿಲ್ಲದೆ ಆರಂಭಿಸಿದ ಕೆಲಸಕ್ಕೆ ಆಮೇಲೆ ಅನುಮತಿ ಪಡೆಯಬಹುದೆಂದೂ, ಕಾರಖಾನೆಗಳು ಆರು ತಿಂಗಳಿಗೊಮ್ಮೆ ಕೊಡುವ ವರದಿಯನ್ನು ವರುಷಕ್ಕೊಮ್ಮೆ ಕೊಟ್ಟರೆ ಸಾಕೆಂದೂ ಕರಡು ಹೇಳಿತು. ಹೇಳಿದ್ದು ಇಂಗ್ಲಿಷು ಮತ್ತು ಹಿಂದಿಯಲ್ಲಿ.

ಜೂನ 30ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಆಕ್ಷೇಪಣೆಯ ಅವಧಿಯನ್ನು ಆಗಸ್ಟ 11ರವರೆಗೆ ಬೆಳೆಸಿ, ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ತರ್ಜುಮೆ ಮಾಡಿಸಬೇಕೆಂದು ಆಜ್ಞಾಪಿಸಿತು. ಬೆಂಗಳೂರಿನ ಯುನೈಟೆಡ್ ಕನ್ಸರ್ವೇಶನ್ ಮೂವ್‌ಮೆಂಟ್ ಎಂಬ ನ್ಯಾಸವು ನಮ್ಮ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಕನ್ನಡಿಗರಿಗೆ ಕನ್ನಡದಲ್ಲಿ ತಿಳಿಸದೆ ಅವರ ಆಕ್ಷೇಪಣೆಯನ್ನು ಕರೆಯುವದು ಹೇಗೆಂಬ ಪ್ರಶ್ನೆ ಎದ್ದಿತು. ಮುಖ್ಯ ನ್ಯಾಯಮೂರ್ತಿ ಅಭಯ ಶ್ರೀನಿವಾಸ ಓಕಾ ಅವರ ಪೀಠವು ಆಗಸ್ಟ 5ರಂದು ಅಂತಿಮ ಅಧಿಸೂಚನೆಯ ಪ್ರಕಟನೆಯನ್ನೇ ತಡೆಹಿಡಿಯಿತು; ಆ ತಡೆ ಮುಂದೆಯೂ ಬೆಳೆಯಿತು. ಕರಡಿಗೆ ಲಕ್ಷಗಟ್ಟಲೆ ಆಕ್ಷೇಪಣೆಗಳು ಹರಿದುಬಂದವು. ಅದು ಅಂತಿಮ ಅಧಿಸೂಚನೆಯಾಗಲೇ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಶರಣರು ದೇವರ ಮಾತನ್ನು ದೇವಭಾಷೆಯಿಂದ ಬಿಡಿಸಿ ಜನರ ನುಡಿಗೆ ತಂದರು. ಸರಕಾರದ ಮಾತನ್ನು ಜನರ ನುಡಿಗೆ ತರಲು ನ್ಯಾಯಾಲಯದ ಮೆಟ್ಟಿಲು ಏರಬೇಕಾಗಿ ಬಂದದ್ದು ವಿಚಿತ್ರವೇ ಸರಿ.

ಕರಡು ಬಿದ್ದಿತೆಂದು ನಿಶ್ಚಿಂತರಾಗುವಂತಿಲ್ಲ. ಕರಡಿನಲ್ಲಿದ್ದ ಸಂಗತಿಗಳು ಬಿಡಿಬಿಡಿಯಾದ ಆಜ್ಞೆಗಳ ರೂಪದಲ್ಲಿ ಹಿತ್ತಲ ಬಾಗಿಲಿನಿಂದ ಬರತೊಡಗಿದವು. ಕೆಲಸ ಆರಂಭಿಸಿದ ಮೇಲೆ ಅನುಮತಿ ಕೊಡುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ನವೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠವು, ಒಬ್ಬರ ಭಿನ್ನಮತದೊಡನೆ, ಆ ತೀರ್ಪನ್ನೇ ಹಿಂತೆಗೆದುಕೊಂಡಿತು. ಅರಣ್ಯದ ಕಥೆಯೂ ಇಂಥದೇ. ಸರಕಾರದ ದಫ್ತರಿನಲ್ಲಿ ಹೇಗೇ ಇರಲಿ, ಮಾತಿನ ಅರ್ಥದಲ್ಲಿ ಅರಣ್ಯವಾಗಿರುವದೆಲ್ಲ ಅರಣ್ಯವೇ ಎಂದು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಹೇಳಿತ್ತು. 2023ರಲ್ಲಿ ಸಂಸತ್ತು 1980ರ ಅರಣ್ಯ ಸಂರಕ್ಷಣಾ ಕಾಯದೆಯನ್ನು ತಿದ್ದಿ, ದಾಖಲೆಯಲ್ಲಿ ಅರಣ್ಯವೆಂದಿದ್ದರೆ ಮಾತ್ರ ಅರಣ್ಯವೆಂಬಂತೆ ಅದನ್ನು ಕಿರಿದುಗೊಳಿಸಿತು. ನಿವೃತ್ತ ಅರಣ್ಯಾಧಿಕಾರಿಗಳೇ ಅದನ್ನು ಪ್ರಶ್ನಿಸಿದರು. 1996ರ ಅರ್ಥವೇ ಸದ್ಯಕ್ಕೆ ನಡೆಯಲೆಂದು 2024ರ ಫೆಬ್ರುವರಿ 19ರಂದು ಮಧ್ಯಂತರ ಆಜ್ಞೆಯಾಯಿತು. ನಮ್ಮ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರು ಎಂದಿದ್ದ ಪರಿಭಾವಿತ ಅರಣ್ಯವು 2022ರ ಆಜ್ಞೆಯಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಗಿಡಗಳು ಅಲ್ಲಿಯೇ ಇವೆ, ಹೆಸರು ಹೋಯಿತು. ಅದರಲ್ಲಿ ಸಾಗುವಳಿ ಮಾಡುತ್ತಿದ್ದ ಬಡವರಿಗೆ ಅನುಕೂಲವಾಗಿದ್ದರೆ ನಾನು ಬೇಡವೆನ್ನುವದಿಲ್ಲ.

ಇಷ್ಟೆಲ್ಲ ಬೇರೆಯವರ ಕಥೆಯೆಂದು ನಮ್ಮ ಭಾಗದವರು ತಿಳಿಯಬಾರದು. 2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿ ಧಾಮವಾಯಿತು. ಬರದ ಸೀಮೆಯಲ್ಲಿ ಅಂಥದೊಂದು ನಮಗೂ ಇದೆ. ಅದರ ಸುತ್ತಲಿನ ತಾಂಡಾಗಳವರಿಗೆ ಆ ಘೋಷಣೆಯಿಂದ ಆದ ತೊಡಕುಗಳನ್ನು ಕೇಳಿದವರು ಕಡಿಮೆ. ಕಾಡನ್ನು ಉಳಿಸುವಾಗಲೂ ಕೇಳಬೇಕು, ಕಳೆಯುವಾಗಲೂ ಕೇಳಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ಹೆಕ್ಟೇರಿಗಿಂತ ಚಿಕ್ಕದಾದ ಉಪಖನಿಜ ಖಣಿಗಳಿಗೂ ಪರಿಸರ ಅನುಮತಿ ಬೇಕೆಂದಿತು. ಪರಸಿ ಖಣಿಗಳ ಸಣ್ಣ ಮಾಲೀಕರಿಗೆ ಅದು ಹೊರೆಯಾಗಿ ಕಂಡದ್ದು ಸಹಜ. ಆದರೆ ಬಿಟ್ಟುಹೋದ ಖಣಿಗಳ ದಂಡೆಯಲ್ಲಿ ಬೆಳೆದ ನನಗೆ ಆ ಗುಂಡಿಗಳ ಆಳ ಗೊತ್ತು. ಮಳೆಗಾಲದಲ್ಲಿ ತುಂಬಿದ ಹಸಿರು ನೀರಿಗೆ ಮಕ್ಕಳು ಹಾರುತ್ತಿದ್ದರು. ಎಲ್ಲರೂ ಮೇಲೆ ಬರುತ್ತಿರಲಿಲ್ಲ.

ಕೊನೆಗೊಂದು ಹೊಸ ಸಂಗತಿ. ಭೀಮೆಯ ಆಚೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ ಗೋಗಿ ಎಂಬ ಊರಿದೆ. ವಿಜಾಪುರದ ಆದಿಲಶಾಹಿ ವಂಶದ ಮೊದಲ ಅರಸರು ಅಲ್ಲಿನ ದರ್ಗಾದ ಸನ್ನಿಧಿಯಲ್ಲಿ ಮಲಗಿದ್ದಾರೆ. ನಮ್ಮ ಖಣಿಗಳ ಸುಣ್ಣಕಲ್ಲು ಯಾವ ಭೀಮಾ ಶಿಲಾಸ್ತರಕ್ಕೆ ಸೇರಿದೆಯೋ ಅದೇ ಸ್ತರದಲ್ಲಿ, ಗೋಗಿಯ ನೆಲದಡಿ ಯುರೇನಿಯಂ ಇದೆಯೆಂದು ಕಂಡುಹಿಡಿದು, ಪರೀಕ್ಷಾರ್ಥ ಅಗೆತವೂ ನಡೆದಿದೆ. ತಮ್ಮ ಕುಡಿಯುವ ನೀರು ಏನಾದೀತೆಂದು ಆ ಊರವರು ಹಲವು ಸಲ ಕೇಳಿದ್ದಾರೆ. 2025ರ ಸಪ್ಟಂಬರ 8ರಂದು ಕೇಂದ್ರದ ಪರಿಸರ ಸಚಿವಾಲಯವು ಒಂದು ಜ್ಞಾಪನ ಪತ್ರ ಹೊರಡಿಸಿತು. ಅದರಂತೆ ಪರಮಾಣು ಖನಿಜಗಳ ಮತ್ತು ಮಹತ್ವದವೆಂದು ಗುರುತಿಸಿದ ಇತರ ಕೆಲವು ಖನಿಜಗಳ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಾಗಿಲ್ಲ. ಪರಿಶೀಲನೆ ದಿಲ್ಲಿಯಲ್ಲಿಯೇ ಆಗುತ್ತದೆ. ನಮ್ಮ ಸುಣ್ಣಕಲ್ಲಿಗೆ ಮೂವತ್ತು ದಿನಗಳ ಮುನ್ಸೂಚನೆಯೂ ಶಾಮಿಯಾನವೂ ಇನ್ನೂ ಇವೆ; ತೊಗರಿಯ ಹಿರಿಯರು ಎದ್ದು ನಿಂತು ಬಾವಿಯ ಬಗ್ಗೆ ಕೇಳಬಹುದು. ಗೋಗಿಯಲ್ಲಿ ಗಣಿ ತೆರೆಯಬೇಕೆಂದು ನಾಳೆ ತೀರ್ಮಾನವಾದರೆ, ಅಲ್ಲಿನ ಹಿರಿಯರಿಗೆ ಆ ಶಾಮಿಯಾನವೂ ಇರುವದಿಲ್ಲ.